ಪ್ರಯೋಗಾಲಯದ ಪವರ್ ಸಪ್ಲೈ: ಕೊಳ್ಳುವ ಮುನ್ನ ನೋಡಬೇಕಾದ್ದು

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯ ದಿನ ಹುಲಿಕೆರೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)





ಇಂಥ ಸಭೆಯಲ್ಲಿ ಮೇಷ್ಟ್ರನ್ನು ಮಾತಿಗೆ ಕರೆದರೆ ವಿದ್ಯೆಯ ಮಹತ್ವದ ಬಗ್ಗೆ ಮಾತಾಡುತ್ತಾರೆ ಎಂದು ನೀವೆಲ್ಲ ಸಿದ್ಧರಾಗಿ ಕೂತಿರುತ್ತೀರಿ. ನಾನು ಈ ಸಲ ಒಂದು ಕರೆಂಟಿನ ಡಬ್ಬಿಯ ಬಗ್ಗೆ ಮಾತಾಡುತ್ತೇನೆ. ಕಾರಣ ಇಷ್ಟೇ. ಟ್ರಸ್ಟಿನ ಅಭ್ಯಾಸ ಕೇಂದ್ರದಲ್ಲಿ ಮಕ್ಕಳಿಗಾಗಿ ಚಿಕ್ಕದೊಂದು ಪ್ರಯೋಗದ ಕೋಣೆ ಆಗಿದೆ. ಅಲ್ಲಿ ಆರ್ಡುಯಿನೋ ಬೋರ್ಡು, ರಾಸ್ಪ್‌ಬೆರಿ ಪೈ, ಸೆನ್ಸರು, ಮೇಜಿನ ಎಲ್‌ಇಡಿ ದೀಪ ಎಲ್ಲ ಇವೆ. ಇವಕ್ಕೆಲ್ಲ ಕರೆಂಟು ಕೊಡಲು ಒಂದೇ ಡಬ್ಬಿಯಲ್ಲಿ ಹಲವು ಪೋರ್ಟು ಇರುವ ಪವರ್ ಸಪ್ಲೈ ಬೇಕು, ಯಾವುದು ಒಳ್ಳೆಯದು ಹೇಳಿ ಎಂದು ಸಮಿತಿಯವರು ಕೇಳಿದರು. ನಾಲ್ಕು ಜನರ ಮುಂದೆ ಹೇಳಿದರೆ ನಾಲ್ಕು ಶಾಲೆಗೆ ಉಪಯೋಗವಾದೀತು ಎಂದು ಇಲ್ಲೇ ಹೇಳುತ್ತಿದ್ದೇನೆ.

ಇಂಥ ಸಾಮಾನುಗಳು ಈಗ ಹಳ್ಳಿ ಶಾಲೆಗಳಿಗೂ ಬರುತ್ತಿವೆ. ಕೇಂದ್ರದ ನೀತಿ ಆಯೋಗ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ತಂದಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, 6ರಿಂದ 12ನೇ ತರಗತಿಯ ಮಕ್ಕಳಿಗೆ ಬಳಕೆ. ಅಷ್ಟು ದೊಡ್ಡ ಅನುದಾನ ಸಿಗದ ಕಡೆ ದಾನಿಗಳು, ಹಳೆಯ ವಿದ್ಯಾರ್ಥಿಗಳು, ನಮ್ಮಂಥ ಟ್ರಸ್ಟುಗಳು ಸ್ವಲ್ಪ ಸ್ವಲ್ಪ ಸಾಮಾನು ಕೊಡಿಸುತ್ತಾರೆ. ಬೋರ್ಡು ಯಾವ ಕಂಪನಿಯದು, ಸೆನ್ಸರು ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಅದಕ್ಕೆ ಕರೆಂಟು ಎಲ್ಲಿಂದ ಎಂದು ಕೇಳುವವರು ಕಡಿಮೆ. ಕೊನೆಗೆ ಯಾರದೋ ಮನೆಯ ಮೊಬೈಲ್ ಚಾರ್ಜರು ಬಂದು ಕೂರುತ್ತದೆ.

ಅದರಿಂದ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆರ್ಡುಯಿನೋ ಬೋರ್ಡಿಗೆ ಎಲ್‌ಎಂ 35 ಎಂಬ ಉಷ್ಣತೆಯ ಸೆನ್ಸರ್ ಜೋಡಿಸಿ ಕೋಣೆಯ ಉಷ್ಣಾಂಶ ತೋರಿಸುವ ಯಂತ್ರ ಮಾಡಿದಳು. ಗೋಡೆಯ ಥರ್ಮಾಮೀಟರು 27 ಡಿಗ್ರಿ ತೋರಿಸುತ್ತಿತ್ತು. ಅವಳ ಯಂತ್ರ 30 ತೋರಿಸಿತು. ಪ್ರೋಗ್ರಾಮ್ ತಿದ್ದಿದಳು, ವೈರು ಬದಲಿಸಿದಳು, ಸೆನ್ಸರನ್ನೂ ಬದಲಿಸಿದಳು. ಒಮ್ಮೊಮ್ಮೆ 28, ಒಮ್ಮೊಮ್ಮೆ 30. ಎರಡು ದಿನ ಹೀಗೇ ಆಯಿತು. ಮೂರನೇ ದಿನ ನನ್ನ ಹತ್ತಿರ ಬಂದು, "ಸಾರ್, ಇದು ನನ್ನ ತಲೆಗೆ ಹತ್ತಲ್ಲ, ನಾನು ಆರ್ಟ್ಸ್ ತಗೋತೀನಿ" ಅಂದಳು.

ಮಲ್ಟಿಮೀಟರು ತಂದು ಬೋರ್ಡಿನ 5 ವೋಲ್ಟಿನ ಪಿನ್ನಿನಲ್ಲಿ ಇಟ್ಟು ನೋಡಿದೆವು. 5 ವೋಲ್ಟ್ ಇರಬೇಕಾದಲ್ಲಿ 4.5 ಇತ್ತು. ಅದೇ ಚಾರ್ಜರಿನ ಪಕ್ಕದ ಪೋರ್ಟಿನಲ್ಲಿ ಯಾರೋ ಮೊಬೈಲು ಹಾಕಿದ್ದರು. ಮೊಬೈಲು ಕಿತ್ತೆವು, ವೋಲ್ಟೇಜು ಏರಿತು, ಯಂತ್ರದ ಡಿಗ್ರಿ ಇಳಿಯಿತು.

ಲೆಕ್ಕ ಹೇಳುತ್ತೇನೆ, ಹತ್ತನೇ ತರಗತಿಯ ಮಕ್ಕಳು ಮನೆಗೆ ಹೋಗಿ ಮಾಡಿ ನೋಡಬಹುದು. ಎಲ್‌ಎಂ 35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 27 ಡಿಗ್ರಿಗೆ 0.27 ವೋಲ್ಟ್. ಆರ್ಡುಯಿನೋ ಆ ವೋಲ್ಟನ್ನು ಅಳೆಯುವಾಗ ತನಗೆ ಬರುತ್ತಿರುವ 5 ವೋಲ್ಟನ್ನೇ ಅಳತೆಗೋಲಾಗಿ ಹಿಡಿಯುತ್ತದೆ. ಅಳತೆಗೋಲು 4.5ಕ್ಕೆ ಕುಗ್ಗಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಪ್ರೋಗ್ರಾಮು 5 ಎಂದೇ ಲೆಕ್ಕ ಹಾಕುತ್ತದೆ. 0.27ನ್ನು 4.5ರಿಂದ ಭಾಗಿಸಿ 5ರಿಂದ ಗುಣಿಸಿ. 0.30 ಬರುತ್ತದೆ. ಅಂದರೆ 30 ಡಿಗ್ರಿ. ಹುಡುಗಿಯ ಪ್ರೋಗ್ರಾಮು ಸರಿಯಾಗಿತ್ತು, ಸೆನ್ಸರು ಸರಿಯಾಗಿತ್ತು, ಜೋಡಣೆಯೂ ಸರಿಯಾಗಿತ್ತು. ಮೊಳ ಹಾಕುವ ಕೋಲೇ ಗಿಡ್ಡವಾಗಿತ್ತು.

ನಾನು ಈ ವಿಷಯಕ್ಕೆ ಇಷ್ಟು ಸಮಯ ತೆಗೆದುಕೊಳ್ಳುತ್ತಿರುವುದು ಇದಕ್ಕಾಗಿಯೇ. ಮನೆಯಲ್ಲಿ ಇಂಜಿನಿಯರ್ ಅಣ್ಣನೋ ಚಿಕ್ಕಪ್ಪನೋ ಇರುವ ಮಗುವಾದರೆ, "ಚಾರ್ಜರ್ ಬದಲಾಯಿಸಿ ನೋಡು" ಎಂದು ಯಾರಾದರೂ ಹೇಳುತ್ತಾರೆ. ನಮ್ಮ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ಮೊದಲ ಸಲ ಹೈಸ್ಕೂಲು ಹತ್ತಿದವರು. ಯಂತ್ರ ಕೆಟ್ಟರೆ ಅವರು ಯಂತ್ರವನ್ನು ಬೈಯುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ. ಡಬ್ಬಿಯ ದೋಷಕ್ಕೆ ಒಂದು ಮಗು ವಿಜ್ಞಾನ ಬಿಡಬಾರದು.

ಈಗ ವಿಷಯಕ್ಕೆ ಬರುತ್ತೇನೆ. ವೋಲ್ಟ್, ಆಂಪಿಯರ್, ವ್ಯಾಟ್ ಈ ಮೂರು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಊರಿನ ಹೆಸರಿನಲ್ಲೇ ಕೆರೆ ಇದೆ, ಅದನ್ನೇ ಉದಾಹರಣೆ ಮಾಡಿಕೊಳ್ಳೋಣ. ಕೆರೆಯಲ್ಲಿ ನೀರು ನಿಂತ ಎತ್ತರ ವೋಲ್ಟ್ ಇದ್ದ ಹಾಗೆ. ತೂಬಿನಿಂದ ಹರಿಯುವ ನೀರಿನ ಪ್ರಮಾಣ ಆಂಪಿಯರ್. ಎರಡನ್ನೂ ಗುಣಿಸಿದರೆ ವ್ಯಾಟ್, ಅಂದರೆ ಆ ನೀರು ಮಾಡಬಲ್ಲ ಕೆಲಸ. ದೊಡ್ಡ ಕೆರೆಗೆ ನಾಲ್ಕು ತೂಬು ಇದ್ದು ನಾಲ್ಕನ್ನೂ ಎತ್ತಿದರೂ ನೀರಿನ ಮಟ್ಟ ಬೇಗ ಇಳಿಯುವುದಿಲ್ಲ. ಚಿಕ್ಕ ಕಟ್ಟೆಗೆ ಎಂಟು ತೂಬು ಇಟ್ಟರೆ ತೂಬು ಹೆಚ್ಚಾಯಿತೇ ಹೊರತು ನೀರು ಹೆಚ್ಚಾಗಲಿಲ್ಲ. ಎಲ್ಲರೂ ಒಟ್ಟಿಗೆ ಎತ್ತಿದ ದಿನ ಕೊನೆಯ ಗದ್ದೆಯವನಿಗೆ ಏನೂ ಸಿಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಹಲವು ಪೋರ್ಟಿನ ಡಬ್ಬಿಗಳಲ್ಲಿ ಬಹಳಷ್ಟು ಈ ಚಿಕ್ಕ ಕಟ್ಟೆಯ ಜಾತಿಯವು. ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ "ಎಂಟು ಪೋರ್ಟ್, ಪ್ರತಿಯೊಂದಕ್ಕೆ 2.4 ಆಂಪಿಯರ್" ಎಂದಿರುತ್ತದೆ. ಎಂಟನ್ನು 2.4ರಿಂದ ಗುಣಿಸಿದರೆ 19.2 ಆಂಪಿಯರ್, 5 ವೋಲ್ಟಿಗೆ 96 ವ್ಯಾಟ್. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಒಟ್ಟು 8 ಆಂಪಿಯರ್, 40 ವ್ಯಾಟ್ ಎಂದಿರುತ್ತದೆ. ಎರಡೂ ಸುಳ್ಳಲ್ಲ. ಯಾವುದೋ ಮೂರು ಪೋರ್ಟಿಗೆ ಮಾತ್ರ 2.4 ಆಂಪಿಯರ್ ಪೂರ್ತಿ ಸಿಗುತ್ತದೆ, ಎಂಟಕ್ಕೂ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಮೊದಲ ಮಾತು: ಪೋರ್ಟು ಎಣಿಸಬೇಡಿ, ಒಟ್ಟು ವ್ಯಾಟ್ ಓದಿ. ಒಟ್ಟು ವ್ಯಾಟ್ ಬರೆಯದ ಡಬ್ಬಿಯನ್ನು ಕೊಳ್ಳಲೇಬೇಡಿ.

ನಮಗೆ ಎಷ್ಟು ವ್ಯಾಟ್ ಬೇಕು? ಅಂಗಡಿಗೆ ಹೋಗುವ ಮುಂಚೆ ಕಾಗದದ ಮೇಲೆ ಪಟ್ಟಿ ಮಾಡಬೇಕು. ಕೇಂದ್ರದಲ್ಲಿರುವುದನ್ನೇ ಹೇಳುತ್ತೇನೆ. ರಾಸ್ಪ್‌ಬೆರಿ ಪೈ 4 ಎರಡು ಇವೆ. ಒಂದೊಂದಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡಬಲ್ಲ ಸಪ್ಲೈ ಇರಬೇಕು ಎಂಬುದು ತಯಾರಕರ ಸೂಚನೆ. ಎರಡಕ್ಕೆ 30 ವ್ಯಾಟ್. ಆರ್ಡುಯಿನೋ ನಾಲ್ಕು. ಸೆನ್ಸರು ಸೇರಿ ಒಂದಕ್ಕೆ ಅರ್ಧ ಆಂಪಿಯರ್ ಎಂದು ಇಟ್ಟುಕೊಂಡರೆ ನಾಲ್ಕಕ್ಕೆ 2 ಆಂಪಿಯರ್, 10 ವ್ಯಾಟ್. ಮೇಜಿನ ದೀಪ ಎರಡು, ತಲಾ 5 ವ್ಯಾಟ್, ಒಟ್ಟು 10. ಎಲ್ಲ ಸೇರಿ 50 ವ್ಯಾಟ್. ಯಾವ ಸಪ್ಲೈಯನ್ನೂ ಅದರ ಪೂರ್ಣ ಶಕ್ತಿಗೆ ದಿನವಿಡೀ ದುಡಿಸಬಾರದು. ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಒಳಗಿನ ಕೆಪಾಸಿಟರುಗಳ ಆಯುಸ್ಸು ಕಡಿಮೆಯಾಗುತ್ತದೆ. ಲೆಕ್ಕದ ಮೇಲೆ ಶೇಕಡಾ 30ರಷ್ಟು ಹೆಚ್ಚಿಗೆ ಇಟ್ಟುಕೊಂಡರೆ 65 ವ್ಯಾಟ್ ಆಯಿತು.

ಹಾಗಾದರೆ 65 ವ್ಯಾಟಿನ, ಎಂಟು ಪೋರ್ಟಿನ ಒಳ್ಳೆಯ ಚಾರ್ಜರು ತಂದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮುಗಿಯುವುದಿಲ್ಲ. ಇಲ್ಲೇ ಎರಡನೆಯ ಮಾತು ಬರುತ್ತದೆ. ಚಾರ್ಜರು ಬೇರೆ, ಪವರ್ ಸಪ್ಲೈ ಬೇರೆ.

ಮೊಬೈಲಿನ ಹೊಟ್ಟೆಯಲ್ಲಿ ಬ್ಯಾಟರಿ ಇದೆ. ಚಾರ್ಜರು ಒಂದು ಕ್ಷಣ ನಿಂತರೆ ಅದಕ್ಕೇನೂ ಆಗುವುದಿಲ್ಲ, ಒಳಗಿನ ದಾಸ್ತಾನಿನಿಂದ ನಡೆಯುತ್ತದೆ. ಆರ್ಡುಯಿನೋಗೆ, ರಾಸ್ಪ್‌ಬೆರಿ ಪೈಗೆ ಬ್ಯಾಟರಿ ಇಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ನಿಂತರೂ ಅವು ಸತ್ತು ಮತ್ತೆ ಹುಟ್ಟುತ್ತವೆ. ಪೈ ಅಷ್ಟರಲ್ಲಿ ಮೆಮೊರಿ ಕಾರ್ಡಿನ ಮೇಲೆ ಏನಾದರೂ ಬರೆಯುತ್ತಿದ್ದರೆ ಆ ಕಾರ್ಡೇ ಕೆಡಬಹುದು. ಮಗುವಿನ ಒಂದು ತಿಂಗಳ ಕೆಲಸ ಅದರಲ್ಲಿ ಹೋಗುತ್ತದೆ.

ಈಗಿನ ಹೊಸ ಟೈಪ್-ಸಿ ಚಾರ್ಜರುಗಳಲ್ಲಿ ಹಲವು ಬಹಳ ಜಾಣ. ಯಾವ ಪೋರ್ಟಿಗೆ ಎಷ್ಟು ಕೊಡಬೇಕು ಎಂದು ಉಪಕರಣದ ಜೊತೆ ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತವೆ. ಹೊಸದೊಂದು ಉಪಕರಣ ಚುಚ್ಚಿದ ಕೂಡಲೇ ಇದ್ದ ವ್ಯಾಟನ್ನು ಮತ್ತೆ ಹಂಚಬೇಕಲ್ಲ, ಅದಕ್ಕಾಗಿ ಕೆಲವು ಚಾರ್ಜರುಗಳು ಎಲ್ಲ ಪೋರ್ಟುಗಳನ್ನೂ ಒಂದು ಕ್ಷಣ ನಿಲ್ಲಿಸಿ ಮತ್ತೆ ಶುರು ಮಾಡುತ್ತವೆ. ಮೊಬೈಲಿಗೆ ಅದು ಲೆಕ್ಕಕ್ಕಿಲ್ಲ. ಪಕ್ಕದ ಮೇಜಿನ ಪೈ ಮಾತ್ರ ನಿಂತುಹೋಗುತ್ತದೆ. ಅಂದರೆ ದುಬಾರಿಯಾದ, ಹೆಸರಾಂತ ಕಂಪನಿಯ ಚಾರ್ಜರೂ ಪ್ರಯೋಗಾಲಯಕ್ಕೆ ಹೊಂದದೆ ಇರಬಹುದು. ಅದರಲ್ಲಿ ದೋಷವಿಲ್ಲ, ಅದನ್ನು ಮಾಡಿದ್ದು ಬೇರೆ ಕೆಲಸಕ್ಕೆ.

ಇನ್ನು ಕೆಲವರು, ನಾಮಫಲಕದ ಎಲ್‌ಇಡಿಗಳಿಗೆ ಹಾಕುವ ತಗಡಿನ ಡಬ್ಬಿಯ ಎಸ್‌ಎಂಪಿಎಸ್ ತರೋಣ, 5 ವೋಲ್ಟ್ 20 ಆಂಪಿಯರ್ ಸಿಗುತ್ತದೆ, ಅಗ್ಗವೂ ಹೌದು ಎನ್ನುತ್ತಾರೆ. ಅದರಲ್ಲಿ ಎರಡು ತೊಂದರೆ. 230 ವೋಲ್ಟಿನ ತಿರುಪುಗಳು ಹೊರಗೇ ಕಾಣುತ್ತಿರುತ್ತವೆ, ಮಕ್ಕಳ ಬೆರಳು ತಾಗುವ ಜಾಗದಲ್ಲಿ. ಎರಡನೆಯದು, ಬೋರ್ಡಿನ ಹತ್ತಿರ ಎರಡು ವೈರು ತಾಗಿ ಶಾರ್ಟ್ ಆದರೆ ಪೂರಾ 20 ಆಂಪಿಯರ್ ಆ ತೆಳು ವೈರಿನಲ್ಲೇ ನುಗ್ಗುತ್ತದೆ. ವೈರು ಕರಗುತ್ತದೆ. ಅದನ್ನು ಬಳಸಲೇಬೇಕಾದರೆ ಪರವಾನಗಿ ಇರುವ ಎಲೆಕ್ಟ್ರೀಷಿಯನ್ನರಿಂದ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿ, ಹೊರಗೆ ಬರುವ ಪ್ರತಿಯೊಂದು ಲೈನಿಗೂ ಬೇರೆ ಬೇರೆ ಫ್ಯೂಸ್ ಹಾಕಿಸಬೇಕು. ಒಂದು ಪೋರ್ಟು ಶಾರ್ಟ್ ಆದರೆ ಅದೊಂದೇ ನಿಲ್ಲಬೇಕು, ಪಕ್ಕದವರಿಗೆ ಗೊತ್ತೂ ಆಗಬಾರದು. ರೆಡಿಮೇಡ್ ಡಬ್ಬಿ ಕೊಳ್ಳುವಾಗಲೂ ಅಂಗಡಿಯವರನ್ನು ಇದೇ ಪ್ರಶ್ನೆ ಕೇಳಿ: ಪೋರ್ಟಿಗೊಂದು ರಕ್ಷಣೆ ಇದೆಯೋ, ಎಲ್ಲಕ್ಕೂ ಸೇರಿ ಒಂದೇನೋ?

ಹಾಗಾಗಿ ಸಮಿತಿಗೆ ನನ್ನ ಸಲಹೆ, ಎಲ್ಲಕ್ಕೂ ಒಂದೇ ಡಬ್ಬಿ ಎಂಬ ಆಸೆ ಬಿಡಿ. ಮೂರು ಗುಂಪು ಮಾಡಿ.

ಒಂದು, ಎರಡು ಪೈಗಳಿಗೂ ಅವವೇ ಅಡಾಪ್ಟರು. ಪೈ 4ಕ್ಕೆ ಅದೇ ತಯಾರಕರು ಕೊಡುವ ಅಡಾಪ್ಟರು 5.1 ವೋಲ್ಟ್, 3 ಆಂಪಿಯರಿನದು. 5ರ ಮೇಲಿನ ಆ 0.1 ವೋಲ್ಟ್ ವೈರಿನಲ್ಲಿ ಕಳೆಯುವ ಬಾಬ್ತಿಗೆ ಆಗುತ್ತದೆ.

ಎರಡು, ನಾಲ್ಕು ಆರ್ಡುಯಿನೋ ಮತ್ತು ಎರಡು ದೀಪಕ್ಕೆ ಒಂದು ಆರು ಪೋರ್ಟಿನ ಸಪ್ಲೈ. 5 ವೋಲ್ಟ್ ಸ್ಥಿರ, ಪೋರ್ಟಿಗೊಂದು ರಕ್ಷಣೆ. ನಮಗೆ ಬೇಕಾದ್ದು 20 ವ್ಯಾಟ್, 30 ಅಥವಾ 40 ವ್ಯಾಟಿನದು ತಂದರೆ ನೆಮ್ಮದಿ. ಒಪ್ಪಂದ ಮಾಡಿಕೊಳ್ಳುವ ಜಾಣತನ ಇದಕ್ಕೆ ಬೇಡ.

ಮೂರು, ಮೊಬೈಲು, ಟ್ಯಾಬ್ಲೆಟ್ಟುಗಳಿಗೆ ಬಾಗಿಲ ಹತ್ತಿರ ಬೇರೆ ಚಾರ್ಜರು. ಪ್ರಯೋಗದ ಮೇಜಿನ ಸಪ್ಲೈಗೆ ಮೊಬೈಲು ಹಾಕಬಾರದು ಎಂದು ಗೋಡೆಗೆ ಚೀಟಿ ಅಂಟಿಸಿ. ಈ ನಿಯಮ ಮೇಷ್ಟ್ರುಗಳಿಗೂ ಅನ್ವಯ.

ಚಿಕ್ಕ ಮೋಟಾರು ಓಡಿಸುವ ಪ್ರಯೋಗವಿದ್ದರೆ ಅದಕ್ಕೆ ಬೇರೆ ಬ್ಯಾಟರಿ ಇಡಿ. ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಬೋರ್ಡಿನ ವೋಲ್ಟೇಜು ಕುಸಿಯುತ್ತದೆ. ತೆಂಗಿನ ತೋಟದಲ್ಲಿ ಪಂಪ್‌ಸೆಟ್ ಹಾಕಿದ ಕೂಡಲೇ ಮನೆಯ ದೀಪ ಮಂಕಾಗುವುದನ್ನು ನೋಡಿದ್ದೀರಲ್ಲ, ಅದೇ.

ಮೂರನೆಯ ಮಾತು ವೈರು, ಅಂದರೆ ಕೇಬಲ್ಲು. ಕೆರೆ ತುಂಬಿದ್ದು, ತೂಬು ಸರಿಯಿದ್ದು, ಕಾಲುವೆ ಇಕ್ಕಟ್ಟಾಗಿದ್ದರೆ ಗದ್ದೆಗೆ ನೀರು ಬರುವುದಿಲ್ಲ. ಅಗ್ಗದ ಯುಎಸ್‌ಬಿ ಕೇಬಲ್ಲಿನಲ್ಲಿ ಸಾಮಾನ್ಯವಾಗಿ 28 ಗೇಜಿನ ತಾಮ್ರದ ಎಳೆ ಇರುತ್ತದೆ. ಒಂದು ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 0.43 ಓಮ್ ರೋಧ. ಓಮ್‌ನ ನಿಯಮ ಹಾಕಿ. 1 ಆಂಪಿಯರ್ ಹರಿದರೆ 0.43 ವೋಲ್ಟ್ ದಾರಿಯಲ್ಲೇ ಖರ್ಚು, 2 ಆಂಪಿಯರ್ ಹರಿದರೆ 0.85 ವೋಲ್ಟ್. ಸಪ್ಲೈ 5 ಕೊಟ್ಟರೂ ಬೋರ್ಡಿಗೆ ತಲುಪುವುದು 4.15. ಅದೇ 24 ಗೇಜಿನ ಕೇಬಲ್ಲಾದರೆ ರೋಧ ಸುಮಾರು 0.17 ಓಮ್, 2 ಆಂಪಿಯರಿಗೆ ನಷ್ಟ 0.34 ವೋಲ್ಟ್ ಮಾತ್ರ. ಗೇಜಿನ ಸಂಖ್ಯೆ ಚಿಕ್ಕದಾದಷ್ಟೂ ಎಳೆ ದಪ್ಪ ಎಂಬುದು ನೆನಪಿರಲಿ. ಕೇಬಲ್ಲು ದಪ್ಪವಿರಲಿ, ಗಿಡ್ಡವಿರಲಿ. ಅರ್ಧ ಮೀಟರು ಸಾಕಾದ ಕಡೆ ಎರಡು ಮೀಟರು ಸುತ್ತಿ ಇಡಬೇಡಿ.

ರಾಸ್ಪ್‌ಬೆರಿ ಪೈ ತನಗೆ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ತೋರಿಸುತ್ತದೆ. ಆ ಗುರುತು ಕಂಡರೆ ಅಲಂಕಾರ ಎಂದುಕೊಳ್ಳಬೇಡಿ, ಹಸಿವಾಗಿದೆ ಎಂದು ಹೇಳುತ್ತಿದೆ.

ನಾಲ್ಕನೆಯದು ಸುರಕ್ಷತೆ. ಇದರಲ್ಲಿ ಚೌಕಾಸಿ ಇಲ್ಲ. ಕಂಪ್ಯೂಟರ್ ಜಾತಿಯ ಉಪಕರಣಗಳ ಅಡಾಪ್ಟರುಗಳಿಗೆ ಭಾರತೀಯ ಮಾನಕ ಸಂಸ್ಥೆಯ, ಅಂದರೆ ಬಿಐಎಸ್‌ನ ನೋಂದಣಿ ಕಡ್ಡಾಯ. 2012ರ ಸರ್ಕಾರಿ ಆದೇಶದಿಂದ ಬಂದ ನಿಯಮ ಇದು. ಅಡಾಪ್ಟರಿನ ಮೇಲೆ ಐಎಸ್ 13252 ಎಂಬ ಮಾನಕದ ಸಂಖ್ಯೆ, ಅದರ ಜೊತೆ "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಗುರುತು ಯಾರು ಬೇಕಾದರೂ ಅಚ್ಚು ಹಾಕಬಹುದು, ಆದ್ದರಿಂದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ. ಯಾವ ತಯಾರಕರಿಗೆ, ಯಾವ ಸಾಮಾನಿಗೆ ಕೊಟ್ಟ ನೋಂದಣಿ ಎಂದು ಬರುತ್ತದೆ. ಡಬ್ಬಿಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ವಾಪಸು ಕೊಡಿ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಎರಡು ನಿಮಿಷದ ಕೆಲಸ.

ಎರಡು ಪಿನ್ನಿನ ಅಡಾಪ್ಟರು ಹಾಕಿದಾಗ ಉಪಕರಣದ ಲೋಹದ ಭಾಗ ಮುಟ್ಟಿದರೆ ಕೈ ಸಣ್ಣಗೆ ಜುಮ್ಮೆನ್ನುವುದುಂಟು. ಒಳಗಿನ ಒಂದು ಕೆಪಾಸಿಟರಿನ ಮೂಲಕ ಸೋರುವ ಅತಿ ಸಣ್ಣ ಕರೆಂಟು ಅದು. ಒಳ್ಳೆಯ ಅಡಾಪ್ಟರಿನಲ್ಲಿ ಅದು ಮಿತಿಯೊಳಗೆ ಇರುತ್ತದೆ. ನಕಲಿ ಅಡಾಪ್ಟರಿನಲ್ಲಿ 230 ವೋಲ್ಟಿಗೂ 5 ವೋಲ್ಟಿಗೂ ನಡುವಿನ ತಡೆಯೇ ದುರ್ಬಲವಾಗಿರಬಹುದು. ಮಕ್ಕಳು "ಶಾಕ್ ಹೊಡೆಯುತ್ತೆ ಸಾರ್" ಅಂದರೆ ನಗಬೇಡಿ, ತಕ್ಷಣ ಕಿತ್ತು ಪಕ್ಕಕ್ಕಿಡಿ. ಸಾಧ್ಯವಾದಲ್ಲಿ ಮೂರು ಪಿನ್ನಿನ, ಅರ್ಥ್ ಇರುವ ಸಪ್ಲೈಯನ್ನೇ ಕೊಳ್ಳಿ.

ಮೂರು ಪಿನ್ನಿದ್ದರೆ ಸಾಲದು, ಗೋಡೆಯ ಹಿಂದೆ ನಿಜವಾಗಿ ಅರ್ಥ್ ಇರಬೇಕು. ಹಳೆಯ ಕಟ್ಟಡಗಳಲ್ಲಿ ಮೂರನೇ ತೂತಿಗೆ ವೈರೇ ಇಲ್ಲದಿರುವುದುಂಟು. ಎಲೆಕ್ಟ್ರೀಷಿಯನ್ನರನ್ನು ಕರೆಸಿ ಪರೀಕ್ಷೆ ಮಾಡಿಸಿ. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಜೀವವನ್ನು ಕಾಯುತ್ತದೆ. ಮಕ್ಕಳ ಕೋಣೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು ಎಂದು ಸಭೆಯ ಮುಂದೆ ಬೇಡಿಕೆ ಇಡುತ್ತೇನೆ. ಪವರ್ ಸಪ್ಲೈಗಿಂತ ಮೊದಲು ಅದಾಗಲಿ.

ಇನ್ನು ನಮ್ಮ ಊರಿನ ಕರೆಂಟು. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ನಮ್ಮ ದೇಶದಲ್ಲಿ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್. ಲೈನಿನ ತುದಿಯ ಹಳ್ಳಿಯಲ್ಲಿ, ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಎಷ್ಟಿರುತ್ತದೆ ಎಂಬುದು ನಿಮಗೇ ಗೊತ್ತು. ಆದ್ದರಿಂದ ಸಪ್ಲೈಯ ಹಿಂದೆ ಇನ್‌ಪುಟ್ ಎಂದಿರುವ ಸಾಲು ಓದಿ. 100ರಿಂದ 240 ವೋಲ್ಟ್ ಎಂದಿದ್ದರೆ ಲೈನು 160ಕ್ಕೆ ಇಳಿದರೂ ಅದು ನಿಭಾಯಿಸುತ್ತದೆ. 220ರಿಂದ 240 ಎಂದಷ್ಟೇ ಇದ್ದರೆ ನಮ್ಮ ಕಡೆಗೆ ಅದು ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ಗು ಕಿತ್ತಿಡುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಕರೆಂಟು ಹೋದಾಗ ಇನ್ವರ್ಟರಿಗೆ ಬದಲಾಗುವ ಆ ಕ್ಷಣವೂ ಮುಖ್ಯ. 50 ಹರ್ಟ್ಸಿನಲ್ಲಿ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಒಳ್ಳೆಯ ಸಪ್ಲೈ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಸುಮಾರು ಅಷ್ಟು ಹೊತ್ತು ತಾಳುತ್ತದೆ, ಭಾರ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಮನೆಯ ಇನ್ವರ್ಟರುಗಳ ಹಿಂಭಾಗದಲ್ಲಿ ಹೆಚ್ಚಾಗಿ ಯುಪಿಎಸ್ ಮೋಡ್, ಇಕೋ ಮೋಡ್ ಎಂಬ ಸ್ವಿಚ್ಚಿರುತ್ತದೆ. ಪ್ರಯೋಗದ ಕೋಣೆಯ ಇನ್ವರ್ಟರು ಯುಪಿಎಸ್ ಮೋಡಿನಲ್ಲೇ ಇರಲಿ, ಅದರಲ್ಲಿ ಬದಲಾವಣೆ ಬೇಗ ಆಗುತ್ತದೆ.

ಎಲ್ಲಕ್ಕೂ ಸಾಲದಷ್ಟು ಕರೆಂಟಿದ್ದರೆ ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಹಾಸನದಲ್ಲೇ ಇದೆ. 1982ರಲ್ಲಿ ಅಲ್ಲಿ ಸ್ಥಾಪನೆಯಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಉಪಗ್ರಹವೂ ಒಂದು ಹಲವು ಪೋರ್ಟಿನ ಸಪ್ಲೈಯೇ. ಮೂಲ ಸೌರಫಲಕ, ಅದರಿಂದ ಹತ್ತಾರು ಟ್ರಾನ್ಸ್‌ಪಾಂಡರುಗಳಿಗೆ ಹಂಚಿಕೆ. ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ದಿನಕ್ಕೆ ಹೆಚ್ಚೆಂದರೆ 72 ನಿಮಿಷ ಉಪಗ್ರಹ ಭೂಮಿಯ ನೆರಳಿಗೆ ಬೀಳುತ್ತದೆ, ಆಗ ಬ್ಯಾಟರಿ ಒಂದು ಕ್ಷಣವೂ ತಡವಿಲ್ಲದೆ ಭಾರ ಹೊರಬೇಕು. 2010ರ ಜುಲೈಯಲ್ಲಿ ಇನ್‌ಸ್ಯಾಟ್-4ಬಿ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದರ ವಿದ್ಯುತ್ ಸರಬರಾಜಿನಲ್ಲಿ ತೊಂದರೆ ಬಂದಾಗ ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು ಆರಿಸಿ ಉಳಿದರ್ಧವನ್ನು ನಡೆಸಿದರು. ಎಲ್ಲಕ್ಕೂ ಅರೆಹೊಟ್ಟೆ ಕೊಟ್ಟು ಎಲ್ಲವನ್ನೂ ಕೆಡಿಸಲಿಲ್ಲ. ನಮ್ಮ ಮೇಜಿನಲ್ಲೂ ಹಾಗೇ ಮಾಡಿ. ಸಪ್ಲೈ ನಾಲ್ಕಕ್ಕೆ ಸಾಕಾಗುವಷ್ಟಿದ್ದರೆ ನಾಲ್ಕನ್ನೇ ಹಾಕಿ, ಉಳಿದ ಮಕ್ಕಳು ಸರದಿ ಕಾಯಲಿ. ಕಾದ ಮಗುವಿಗೆ ಆಮೇಲೆ ಸರಿಯಾದ ಅಳತೆ ಸಿಗುತ್ತದೆ.

ಕೊನೆಯದಾಗಿ, ತಂದದ್ದನ್ನು ಪರೀಕ್ಷಿಸುವ ಬಗೆ. ಇದನ್ನು ಮಕ್ಕಳೇ ಮಾಡಬೇಕು, ಮೇಷ್ಟ್ರು ಪಕ್ಕದಲ್ಲಿರಬೇಕು. ಬೇಕಾದ್ದು ಒಂದು ಮಲ್ಟಿಮೀಟರು, 5 ಓಮ್ 10 ವ್ಯಾಟಿನ ಆರು ಸಿಮೆಂಟ್ ರೆಸಿಸ್ಟರುಗಳು. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. 5 ವೋಲ್ಟಿಗೆ 5 ಓಮ್ ಹಾಕಿದರೆ 1 ಆಂಪಿಯರ್ ಹರಿಯುತ್ತದೆ, 5 ವ್ಯಾಟ್ ಶಾಖವಾಗುತ್ತದೆ. ಕೈ ಸುಡುವಷ್ಟು ಬಿಸಿಯಾಗುವುದರಿಂದ ರೆಸಿಸ್ಟರನ್ನು ಹೆಂಚಿನ ಬಿಲ್ಲೆಯ ಮೇಲಿಡಿ.

ಮೊದಲು ಒಂದೇ ಪೋರ್ಟಿಗೆ ಹಾಕಿ, ಕೇಬಲ್ಲಿನ ತುದಿಯಲ್ಲಿ ವೋಲ್ಟೇಜು ಅಳೆದು ಬರೆದುಕೊಳ್ಳಿ. ಆಮೇಲೆ ಎರಡು, ಮೂರು, ಹೀಗೆ ಆರೂ ಪೋರ್ಟಿಗೆ ಹಾಕುತ್ತಾ ಪ್ರತಿ ಸಲ ಮೊದಲನೇ ಪೋರ್ಟಿನ ವೋಲ್ಟೇಜು ಬರೆಯಿರಿ. ಎಲ್ಲ ಹಾಕಿ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಡಬ್ಬಿಯ ಬಾಯಲ್ಲಿ 4.75ರಿಂದ 5.25ರ ಒಳಗಿದ್ದರೆ ಪಾಸು. ಡಬ್ಬಿಯ ಬಾಯಲ್ಲಿ ಸರಿಯಿದ್ದು ಕೇಬಲ್ಲಿನ ತುದಿಯಲ್ಲಿ ಕಡಿಮೆಯಿದ್ದರೆ ಕೇಬಲ್ಲು ಬದಲಿಸಿ. ಡಬ್ಬಿ ಮುಟ್ಟಲಾಗದಷ್ಟು ಕಾದರೆ, ಸುಟ್ಟ ವಾಸನೆ ಬಂದರೆ ಫೇಲು.

ಆಮೇಲೆ ಚುಚ್ಚಿ ಕೀಳುವ ಪರೀಕ್ಷೆ. ಒಂದು ಆರ್ಡುಯಿನೋದಲ್ಲಿ ಸೆಕೆಂಡು ಎಣಿಸುವ ಪ್ರೋಗ್ರಾಮ್ ಓಡಿಸಿ, ಪಕ್ಕದ ಪೋರ್ಟಿಗೆ ಬೇರೆ ಬೇರೆ ಉಪಕರಣ ಹತ್ತು ಸಲ ಚುಚ್ಚಿ, ಹತ್ತು ಸಲ ಕೀಳಿ. ಎಣಿಕೆ ಒಂದು ಸಲವೂ ಸೊನ್ನೆಗೆ ಹೋಗಬಾರದು. ಈ ಫಲಿತಾಂಶವನ್ನೆಲ್ಲ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ವರ್ಷಕ್ಕೆ ಎರಡು ಸಲ ಮತ್ತೆ ಮಾಡಿ. ಸಪ್ಲೈ ಮುದಿಯಾಗುತ್ತಿರುವುದು ಪುಸ್ತಕದಲ್ಲಿ ಮೊದಲೇ ಗೊತ್ತಾಗುತ್ತದೆ. ಅಂಗಡಿಯವರಿಂದ ಬಿಲ್ಲು, ವಾರಂಟಿ ಕಾರ್ಡು ಪಡೆದು ಅದೇ ಪುಸ್ತಕಕ್ಕೆ ಅಂಟಿಸಿ.

ಆ ಹುಡುಗಿಯ ವಿಷಯ ಕೇಳುವವರಿಗೆ ಹೇಳಿಬಿಡುತ್ತೇನೆ. ಅವಳು ಈಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಮೇಲೆ ಹೇಳಿದ ಪರೀಕ್ಷೆಯ ನೋಟ್‌ಬುಕ್ಕಿನ ಮೊದಲ ಪುಟ ಅವಳ ಕೈಬರಹದ್ದು.

ಸಮಿತಿಯ ಹಿರಿಯರಲ್ಲಿ ಒಂದು ವಿನಂತಿ. ದಾನಿಗಳು ಕೊಟ್ಟ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅಗ್ಗದ್ದು ತಂದು ಉಳಿಸಿದೆವು ಎಂದು ಲೆಕ್ಕ ತೋರಿಸುವುದು ಸುಲಭ. ಆರು ತಿಂಗಳಲ್ಲಿ ಅದು ಸುಟ್ಟು, ಜೊತೆಗೆ ಎರಡು ಬೋರ್ಡನ್ನೂ ಸುಟ್ಟರೆ ಆ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ. ಮಗು ಬೇಸರಪಟ್ಟು ಬಿಟ್ಟ ಪಾಠದ ಲೆಕ್ಕವಂತೂ ಎಲ್ಲೂ ಬರುವುದಿಲ್ಲ. ಒಂದು ಬೋರ್ಡು ಕಡಿಮೆ ಕೊಂಡರೂ ಚಿಂತೆಯಿಲ್ಲ, ಸಪ್ಲೈ, ಅರ್ಥಿಂಗ್, ಆರ್‌ಸಿಸಿಬಿ ಸರಿಯಾಗಿರಲಿ.

ವಿದ್ಯಾರ್ಥಿವೇತನ ಪಡೆದ ಮಕ್ಕಳಿಗೆ, ಅದರಲ್ಲೂ ಐಟಿಐ, ಡಿಪ್ಲೊಮಾ ಓದುತ್ತಿರುವವರಿಗೆ ಒಂದು ಮಾತು. ನಿಮ್ಮಲ್ಲಿ ಮಲ್ಟಿಮೀಟರು ಹಿಡಿಯಲು ಬಲ್ಲವರು ತಿಂಗಳಿಗೊಂದು ಭಾನುವಾರ ಕೇಂದ್ರಕ್ಕೆ ಬನ್ನಿ. ಚಿಕ್ಕವರಿಗೆ ಅಳೆಯುವುದು ಕಲಿಸಿ. ಯಾವುದೇ ಪ್ರಯೋಗ ಕೆಟ್ಟಾಗ ಮೊದಲು ವೋಲ್ಟೇಜು ನೋಡು, ಆಮೇಲೆ ವೈರು ನೋಡು, ಆಮೇಲೆ ಪ್ರೋಗ್ರಾಮು ನೋಡು, ನಿನ್ನನ್ನು ನೀನು ಬೈದುಕೊಳ್ಳಬೇಡ ಎಂದು ಹೇಳಿಕೊಡಿ. ನಾನಂತೂ ಭಾನುವಾರ ಹತ್ತು ಗಂಟೆಗೆ ಅಲ್ಲಿರುತ್ತೇನೆ.

 ಅಲ್ಲಾಹನು ಈ ಮಕ್ಕಳ ಓದಿನಲ್ಲಿ ಬರಕತ್ ಕೊಡಲಿ.